ಬೈಕಿನ ಬ್ಯಾಟರಿಗೂ ಬೇಕು ಆಯವ್ಯಯದ ಲೆಕ್ಕ

ನಮ್ಮದು ದೊಡ್ಡಬಳ್ಳಾಪುರ ತಾಲೂಕಿನ ಸಣ್ಣ ಹಿಡುವಳಿ. ಎರಡೂವರೆ ಎಕರೆಯಲ್ಲಿ ರಾಗಿ, ಹಿಪ್ಪುನೇರಳೆ. ಕೊಟ್ಟಿಗೆಯಲ್ಲಿ ಮೂರು ಹಸು. ಡೇರಿಗೆ ಹಾಲು, ವಿಜಯಪುರಕ್ಕೋ ಶಿಡ್ಲಘಟ್ಟಕ್ಕೋ ಗೂಡು, ಪೇಟೆಯಿಂದ ಗೊಬ್ಬರ - ಎಲ್ಲಕ್ಕೂ ಇರುವುದು ಒಂದೇ ಬೈಕು. ಅದು ಕೈಕೊಟ್ಟರೆ ನಮ್ಮ ಕಾಲು ಮುರಿದ ಹಾಗೇ.

ಕಳೆದ ಚಳಿಗಾಲ ಘಾಟಿ ದನಗಳ ಜಾತ್ರೆಗೆಂದು ಹೋದವನು ಮೂರು ದಿನ ಅಲ್ಲೇ ಉಳಿದೆ. ಬೈಕು ಮನೆಯಲ್ಲಿತ್ತು. ಬಂದ ಮಾರನೆ ಬೆಳಗ್ಗೆ ಹಾಲಿನ ಕ್ಯಾನು ಕಟ್ಟಿ ಸೆಲ್ಫ್ ಒತ್ತಿದರೆ ಟಕ್ ಎಂಬ ಸದ್ದು ಬಿಟ್ಟು ಇನ್ನೇನೂ ಇಲ್ಲ. ಕಿಕ್ಕರ್ ಇಲ್ಲದ ಗಾಡಿ. ಮಗನೂ ನಾನೂ ಬೀದಿಯುದ್ದಕ್ಕೂ ತಳ್ಳಿದೆವು. ಹತ್ತಲಿಲ್ಲ. ಕ್ಯಾನು ಹೊತ್ತುಕೊಂಡು ಡೇರಿ ತಲುಪುವಾಗ ಹಾಲು ಹಾಕಿಸಿಕೊಳ್ಳುವುದು ಮುಗಿದಿತ್ತು. 19 ಲೀಟರ್ ಹಾಲು ಮನೆಗೆ ವಾಪಸು!

ಮೆಕ್ಯಾನಿಕ್ ನೋಡಿ, 'ಬ್ಯಾಟ್ರಿ ಹೋಗೈತಣ್ಣ, ಹೊಸದು ಹಾಕ್ಸು' ಅಂದ. ಎರಡು ತಿಂಗಳ ಹಿಂದಷ್ಟೇ ಹೀಗೇ ಹೇಳಿ ಹೊಸದು ಹಾಕಿಸಿದ್ದ. ಎರಡೇ ತಿಂಗಳಿಗೆ ಬ್ಯಾಟರಿ ಹೇಗೆ ಹೋಗುತ್ತದೆ? ಇದು ಗೂಡು ಮಾರುವ ದಿನವಾಗಿದ್ದರೆ? ತಡವಾದಷ್ಟೂ ಗೂಡಿನ ತೂಕ ಇಳಿಯುತ್ತದೆ. ಈ ಸಲ ದುಡ್ಡು ಕೊಡುವ ಮೊದಲು ಕಾರಣ ಹುಡುಕಲು ಹೊರಟೆ.

ಟ್ಯಾಂಕು, ಬೋರು, ನಲ್ಲಿ

ಬ್ಯಾಟರಿ ಎಂದರೆ ನೀರಿನ ಟ್ಯಾಂಕು. ಎಂಜಿನ್ ಓಡುವಾಗ ಮ್ಯಾಗ್ನೆಟೋದಿಂದ ಬರುವ ಕರೆಂಟು ಬೋರ್‌ವೆಲ್ ನೀರು. ದೀಪ, ಹಾರನ್ನು, ಮೊಬೈಲ್ ಚಾರ್ಜರ್ ಎಲ್ಲ ನಲ್ಲಿಗಳು. ಬೋರಿಗೆ ಬರುವುದು ಒಂದೂವರೆ ಇಂಚು, ನಾವು ತೆರೆದದ್ದು ಎರಡಿಂಚಿನ ಗೇಟ್‌ವಾಲ್ವ್ ಆದರೆ ಟ್ಯಾಂಕು ಖಾಲಿಯಾಗಲೇಬೇಕು.

ನಮ್ಮಂಥವರ ಬೈಕಿನ ಟ್ಯಾಂಕೋ ಬಹಳ ಚಿಕ್ಕದು. ಸಾಮಾನ್ಯವಾಗಿ 12 ವೋಲ್ಟ್, 3ರಿಂದ 5 ಆಂಪಿಯರ್-ಅವರ್. ನನ್ನದು 4. ಅಂದರೆ 1 ಆಂಪಿಯರ್ ಎಳೆದರೆ ಹೆಚ್ಚೆಂದರೆ 4 ಗಂಟೆ. ವ್ಯಾಟನ್ನು 12ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ.

2017ರ ಏಪ್ರಿಲ್‌ನಿಂದ ಬಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುವಾಗ ಹೆಡ್‌ಲೈಟ್ ಹಗಲೂ ಉರಿಯುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಹೆಚ್ಚಿನ ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಇದರಲ್ಲಿ ಪೆಟ್ರೋಲ್ ಪಂಪಿಗೂ ಕರೆಂಟು ಬೇಕು. ಬ್ಯಾಟರಿ ಪೂರ್ತಿ ಕುಸಿದರೆ ತಳ್ಳಿದರೂ ಗಾಡಿ ಹತ್ತದಿರುವುದು ಇದಕ್ಕೇ.

ಕಳ್ಳನನ್ನು ಹಿಡಿದದ್ದು ಹೀಗೆ

ಮೋಟಾರ್ ರಿಪೇರಿಯವರ ಬಳಿ ಇರುವ ಸಾದಾ ಮಲ್ಟಿಮೀಟರ್ ಸಾಕು. ಮೊದಲು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿದೆ. ಚೆನ್ನಾಗಿರುವ ಬ್ಯಾಟರಿ ಚಾರ್ಜ್ ಆಗಿ ಕೆಲವು ಗಂಟೆ ಬಿಟ್ಟ ಮೇಲೆ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ಎಂಜಿನ್ ಹದವಾಗಿ ಓಡಿಸಿದಾಗ 13.5ರಿಂದ 14.5. ನನ್ನದರಲ್ಲಿ ಎರಡೂ ಸರಿಯಿತ್ತು. ಬೋರೂ ಸರಿ, ಟ್ಯಾಂಕೂ ಸರಿ. ಹಾಗಾದರೆ ಸೋರಿಕೆ ಎಲ್ಲಿ?

ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಆ ವೈರಿಗೂ ಬ್ಯಾಟರಿಯ ನೆಗೆಟಿವ್ ತುದಿಗೂ ನಡುವೆ ಮೀಟರ್ ಇಟ್ಟೆ. ಮೊದಲು 10 ಆಂಪಿಯರ್ ಮನೆಯಲ್ಲಿ, ಆಮೇಲೆ ಮಿಲಿ ಆಂಪಿಯರಿನಲ್ಲಿ. (ಮೀಟರ್ ಹೀಗಿರುವಾಗ ಕೀ ಹಾಕಬೇಡಿ, ಸೆಲ್ಫ್ ಮುಟ್ಟಲೇಬೇಡಿ. ಮೀಟರ್ ಸುಟ್ಟೀತು.)

ಮೀಟರ್ ತೋರಿಸಿದ್ದು 45 ಮಿಲಿ ಆಂಪಿಯರ್. ಕಳ್ಳರ ಭಯಕ್ಕೆ ಹಾಕಿಸಿದ್ದ ಜಿಪಿಎಸ್ ಪೆಟ್ಟಿಗೆ ಬಿಚ್ಚಿದೆ, 10ಕ್ಕೆ ಇಳಿಯಿತು. ಹ್ಯಾಂಡಲಿನ ಮೊಬೈಲ್ ಚಾರ್ಜರ್ ಬಿಚ್ಚಿದೆ, 2ಕ್ಕೆ ಬಂತು. ಅದರ ಪುಟ್ಟ ನೀಲಿ ದೀಪ ಹಗಲೂ ರಾತ್ರಿ ಉರಿಯುತ್ತಿತ್ತು!

45 ಮಿಲಿ ಆಂಪಿಯರ್ ಎಂದರೆ ಜುಜುಬಿ ಅನಿಸೀತು. 24 ಗಂಟೆಗೆ ಗುಣಿಸಿ. ದಿನಕ್ಕೆ 1.08 ಆಂಪಿಯರ್-ಅವರ್. ಮೂರು ದಿನಕ್ಕೆ 3.24. ನಾಲ್ಕರ ಟ್ಯಾಂಕಿನಲ್ಲಿ ಉಳಿಯುವುದೆಷ್ಟು? ಸೆಲ್ಫ್ ಮೋಟಾರು ಒಂದೇ ಸಲಕ್ಕೆ ಹತ್ತಾರು ಆಂಪಿಯರ್ ಕೇಳುತ್ತದೆ. ತೊಟ್ಟಿಕ್ಕುವ ನಲ್ಲಿ ರಾತ್ರಿ ಬೆಳಗಾಗುವುದರಲ್ಲಿ ಬಕೆಟ್ ತುಂಬಿಸುವುದಿಲ್ಲವೇ? ಇದೂ ಹಾಗೇ.

ಎರಡನೇ ತಪ್ಪೂ ನನ್ನದೇ. ರಾತ್ರಿ ಪಾಳಿಯಲ್ಲಿ ಕರೆಂಟ್ ಬಂದಾಗ ಮೋಟಾರ್ ಹಾಕಿ ಮಡೆ ತಿರುಗಿಸಲು ಬೈಕಿನ ಎಲ್ಇಡಿ ದೀಪಗಳನ್ನು ಎಂಜಿನ್ ನಿಲ್ಲಿಸಿಯೇ ಉರಿಸುತ್ತಿದ್ದೆ. 20 ವ್ಯಾಟಿನ ಎರಡು ದೀಪಕ್ಕೆ 3.3 ಆಂಪಿಯರ್. ಅರ್ಧ ಗಂಟೆ ಉರಿದರೆ ಬ್ಯಾಟರಿಯ 40 ಪಾಲು ಹೋಯಿತು. ಬೆಳಗ್ಗೆ ಡೇರಿಗೆ ಎರಡು ಕಿಲೋಮೀಟರ್ ಓಡಿಸಿದರೆ ಅದು ತುಂಬುವುದಿಲ್ಲ. ಈಗ ಆ ಕೆಲಸಕ್ಕೆ ಕೈಬ್ಯಾಟರಿ ಹಿಡಿದು ಹೋಗುತ್ತೇನೆ.

ಮಾಡಿಕೊಂಡ ರಿಪೇರಿ

* ಚಾರ್ಜರ್ ಮತ್ತು ದೀಪಗಳಿಗೆ ರಿಲೇ ಹಾಕಿಸಿದೆ. ರಿಲೇಯ 30ನೇ ಕಾಲಿಗೆ ಫ್ಯೂಸ್ ಮೂಲಕ ಬ್ಯಾಟರಿ, 87ಕ್ಕೆ ದೀಪ, 86ಕ್ಕೆ ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ವೈರ್, 85 ಅರ್ತ್‌ಗೆ. ಕೀ ತೆಗೆದರೆ ಎಲ್ಲ ಬಂದ್.

* 40 ವ್ಯಾಟ್ ದೀಪಕ್ಕೆ 5 ಆಂಪಿಯರ್ ಫ್ಯೂಸ್. ಅದು ಬ್ಯಾಟರಿಯ ಹತ್ತಿರವೇ ಇರಬೇಕು. ಫ್ಯೂಸ್ ಬದಲು ತಂತಿ ಸುತ್ತಿದರೆ ಪೆಟ್ರೋಲ್ ಟ್ಯಾಂಕಿನಡಿ ಬೆಂಕಿ ಇಟ್ಟುಕೊಂಡ ಹಾಗೆ.

* ಜಿಪಿಎಸ್ ಕೀಗೆ ಸೇರಿಸಿದರೆ ಪ್ರಯೋಜನವಿಲ್ಲ. ಅದಕ್ಕೆ ಸೀಟಿನಡಿ ಬೇರೆ ಸ್ವಿಚ್. ಊರು ಬಿಟ್ಟು ಹೋಗುವಾಗ ಬೈಕು ಒಳಗಿಟ್ಟು ಬೀಗ ಹಾಕಿ, ಸ್ವಿಚ್ ಆರಿಸುತ್ತೇನೆ.

* ಕರ್ಕಶ ಹಾರನ್ ಕಿತ್ತುಹಾಕಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರವೂ ಅದು ತಪ್ಪು.

* ಮೂಲ ವೈರಿಂಗ್ ಕತ್ತರಿಸಲು ಬಿಡಬೇಡಿ. ಗಾಡಿ ವಾರಂಟಿಯಲ್ಲಿದ್ದರೆ ಮೊದಲೇ ಕೇಳಿಕೊಳ್ಳಿ.

ಬ್ಯಾಟರಿ ಪೂರ್ತಿ ಇಳಿದರೆ ವಾರಗಟ್ಟಲೆ ಹಾಗೇ ಬಿಡಬಾರದು. ಒಳಗಿನ ಸೀಸದ ತಗಡಿನ ಮೇಲೆ ಗಟ್ಟಿ ಪದರ ಕಟ್ಟಿ, ಆಮೇಲೆ ಚಾರ್ಜ್ ಹಿಡಿಯುವುದಿಲ್ಲ. ಟ್ರ್ಯಾಕ್ಟರ್ ಬ್ಯಾಟರಿಗೆ ಇಡುವ ದೊಡ್ಡ ಚಾರ್ಜರ್ ಇದಕ್ಕೆ ಬೇಡ. 4 ಆಂಪಿಯರ್-ಅವರ್ ಬ್ಯಾಟರಿಗೆ ಹತ್ತನೇ ಒಂದು ಪಾಲು, ಅಂದರೆ 0.4 ಆಂಪಿಯರಿನಲ್ಲಿ ನಿಧಾನವಾಗಿ ಏರಿಸಬೇಕು. ಬಿಚ್ಚುವಾಗ ನೆಗೆಟಿವ್ ಮೊದಲು, ಕಟ್ಟುವಾಗ ನೆಗೆಟಿವ್ ಕೊನೆಗೆ.

ಹಾಳಾಗಿದೆ ಅಂದ ಆ ಬ್ಯಾಟರಿಯೇ ಇವತ್ತೂ ನನ್ನ ಬೈಕಿನಲ್ಲಿದೆ. ಮೊದಲು ಬಿಚ್ಚಿ ಕೊಟ್ಟ ಹಳೆಯದೂ ಚೆನ್ನಾಗಿಯೇ ಇತ್ತೇನೋ! ಮುಂದಿನ ಸಲ 'ಬ್ಯಾಟ್ರಿ ಹೋಗೈತೆ' ಅಂದರೆ, ದುಡ್ಡು ತೆಗೆಯುವ ಮೊದಲು ಮೀಟರ್ ಇಟ್ಟು ನೋಡಿ. ಹತ್ತು ನಿಮಿಷದ ಕೆಲಸ.