ಒಳಗಿನಿಂದ ಕಾಯಿಸುವ ಒಲೆ

ಗೋಡೆಯ ಕೆಸರಿಗೆ ಹುಲ್ಲು ಕಲಸುವ ಪದ್ಧತಿಯನ್ನು ಹಳ್ಳಿಯಲ್ಲಿ ಬೆಳೆದವರೆಲ್ಲರೂ ಬಲ್ಲರು. ಬರಿಯ ಮಣ್ಣು ಒಣಗಿ ಬಿರಿಯುತ್ತದೆ, ಬರಿಯ ಹುಲ್ಲು ನಿಲ್ಲಲಾರದು. ಇಂದಿನ ವಿಮಾನದ ರೆಕ್ಕೆಯೂ ಇದೇ ತತ್ತ್ವದ ಮೇಲೆ ನಿಂತಿದೆ. ಹುಲ್ಲಿನ ಸ್ಥಾನದಲ್ಲಿ ಕೂದಲಿಗಿಂತ ತೆಳುವಾದ ಇಂಗಾಲದ ಎಳೆಗಳು, ಕೆಸರಿನ ಸ್ಥಾನದಲ್ಲಿ ಎಪಾಕ್ಸಿ ಎಂಬ ಅಂಟು. ಈ ಕೂಡಿಕೆಯನ್ನು ಕಾಂಪೊಸಿಟ್ ಎನ್ನುತ್ತಾರೆ. 2011ರಲ್ಲಿ ಪ್ರಯಾಣಿಕರ ಸೇವೆಗೆ ಬಂದ ಬೋಯಿಂಗ್ 787ರ ಕಟ್ಟಡದ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಥ ವಸ್ತುವೇ. ಬೆಂಗಳೂರಿನಲ್ಲಿ ರೂಪುಗೊಂಡು 2001ರಲ್ಲಿ ಮೊದಲು ಹಾರಿದ ತೇಜಸ್ಸಿನ ರೆಕ್ಕೆಯೂ ಇದರದೇ.

ಎಪಾಕ್ಸಿಗೆ ಬಿಸಿಲು ಸಾಲದು, ಶಾಖದ ಸಂಸ್ಕಾರ ಬೇಕು. ವಾಡಿಕೆಯ ಕ್ರಮದಲ್ಲಿ ಭಾಗವನ್ನು ಅಚ್ಚಿನ ಸಮೇತ ಆಟೋಕ್ಲೇವ್ ಎಂಬ ಭಾರಿ ಉಕ್ಕಿನ ಕೊಳವೆಯಲ್ಲಿರಿಸಿ, ವಾಯುಭಾರದ ಆರೇಳು ಪಟ್ಟು ಒತ್ತಡದಲ್ಲಿ, ಸುಮಾರು 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ದೊಡ್ಡ ಕುಕ್ಕರ್ ಎಂದರೂ ಸಲ್ಲುತ್ತದೆ. ಆದರೆ ಮೊದಲು ಒಳಗಿನ ಅನಿಲ ಕಾಯಬೇಕು, ಕೊಳವೆಯ ಗೋಡೆ ಕಾಯಬೇಕು, ದಪ್ಪನೆಯ ಅಚ್ಚು ಕಾಯಬೇಕು. ವಸ್ತುವಿನ ಸರದಿ ಕಟ್ಟಕಡೆಗೆ. ಪಾವು ಅಕ್ಕಿ ಬೇಯಿಸಲು ಇಡೀ ಅಡುಗೆಮನೆಯನ್ನೇ ಕಾಯಿಸಿದಂತೆ!

ಈ ದುಂದನ್ನು ತಪ್ಪಿಸಲು ವಿಜ್ಞಾನಿಗಳು ಮೈಕ್ರೋವೇವ್ ಒಲೆಯತ್ತ ನೋಡಿದರು. ಅಮೆರಿಕದ ರೇಥಿಯಾನ್ ಸಂಸ್ಥೆಯ ಪರ್ಸಿ ಸ್ಪೆನ್ಸರ್ ಅವರು 1945ರಲ್ಲಿ ಆಹಾರಕ್ಕೆಂದು ಕಂಡುಕೊಂಡ ಉಪಾಯವಿದು. ಮನೆಯ ಒಲೆಯ ತರಂಗ ಸೆಕೆಂಡಿಗೆ 245 ಕೋಟಿ ಸಲ ಕಂಪಿಸುತ್ತದೆ. ಆ ಕಂಪನಕ್ಕೆ ತಕ್ಕಂತೆ ಹೊರಳಲು ಹವಣಿಸುವ ಅಣುಗಳಿಂದ ಶಾಖವು ವಸ್ತುವಿನೊಳಗೇ ಹುಟ್ಟುತ್ತದೆ. ಗಾಜಿನ ಎಳೆಯ ಕಾಂಪೊಸಿಟ್‌ಗೆ ಇದು ಹಿತಕರ: ಗಾಜು ತರಂಗಕ್ಕೆ ದಾರಿ ಬಿಡುತ್ತದೆ, ಅಂಟು ಅದನ್ನು ಹೀರುತ್ತದೆ.

ಇಂಗಾಲದ ಮಾತು ಬೇರೆ. ಅದು ವಿದ್ಯುದ್ವಾಹಕ. ಸ್ಟೀಲ್ ಪಾತ್ರೆಯನ್ನು ಮೈಕ್ರೋವೇವ್‌ನಲ್ಲಿ ಇಡಬಾರದೆಂಬುದನ್ನು ಗೃಹಿಣಿಯರು ಬಲ್ಲರಷ್ಟೆ. ಇಲ್ಲಿಯೂ ಎಳೆಗಳ ತುದಿಯಲ್ಲಿ ಕಿಡಿ ಹಾರಬಹುದು, ತರಂಗವು ಆಳಕ್ಕಿಳಿಯದೆ ಹಿಂದಿರುಗಬಹುದು. ಇದಕ್ಕಿಂತ ಗಂಭೀರವಾದುದು ಅಸಮ ಶಾಖ. ಪೆಟ್ಟಿಗೆಯೊಳಗೆ ತರಂಗಗಳು ಒಂದೆಡೆ ದಟ್ಟವಾಗಿ, ಒಂದೆಡೆ ಕ್ಷೀಣವಾಗಿ ನಿಲ್ಲುತ್ತವೆ. ಮನೆಯ ಒಲೆಯಲ್ಲಿ ತಟ್ಟೆ ತಿರುಗುವುದು ಇದಕ್ಕಾಗಿಯೇ. ವಿಮಾನದ ರೆಕ್ಕೆಯನ್ನು ಹಾಗೆ ತಿರುಗಿಸುವುದೆಲ್ಲಿ ಬಂತು? ಮೇಲಾಗಿ ಎಪಾಕ್ಸಿಯು ಗಟ್ಟಿಯಾಗುವಾಗ ತಾನೇ ಶಾಖವನ್ನು ಹೊರಸೂಸುವುದರಿಂದ ಕಾದ ಜಾಗ ಮತ್ತಷ್ಟು ಕಾಯುತ್ತದೆ. ಒಂದೆಡೆ ಸೀದು, ಇನ್ನೊಂದೆಡೆ ಹಸಿಯಾಗಿ ಉಳಿದ ರೆಕ್ಕೆ ಹೊರನೋಟಕ್ಕೆ ನಿರ್ದೋಷವಾಗಿಯೇ ಕಂಡೀತು. ಅದನ್ನು ನಂಬಿ ನೂರಾರು ಜೀವಗಳು ಕುಳಿತಿರುತ್ತವೆ.

ಜರ್ಮನಿಯ ಕಾರ್ಲ್ಸ್‌ರೂಹೆಯ ಸಂಶೋಧಕರು ಆರು ಮೂಲೆಗಳ ಕೋಣೆಯೊಂದನ್ನು ರೂಪಿಸಿ ತರಂಗಗಳನ್ನು ಬಹುಮಟ್ಟಿಗೆ ಸಮನಾಗಿ ಹರಡಿದರು. ಅದಕ್ಕಿಟ್ಟ ಹೆಸರು ಹೆಫೈಸ್ಟೋಸ್, ಗ್ರೀಕರ ಕಮ್ಮಾರ ದೇವತೆಯದು, ಒಪ್ಪುವ ಹೆಸರೇ. ಆದರೂ ತರಂಗವು ಶಾಖವನ್ನು ಕೊಟ್ಟೀತೇ ಹೊರತು ಒತ್ತಡವನ್ನು ಕೊಡಲಾರದು. ಪದರಗಳ ನಡುವಿನ ಗಾಳಿಗುಳ್ಳೆಗಳನ್ನು ಹಿಂಡಿಹಾಕುವುದು ಒತ್ತಡವೇ. ಆದಕಾರಣ ವಿಮಾನದ ಮುಖ್ಯ ಭಾಗಗಳಿಗೆ ಆಟೋಕ್ಲೇವಿನ ಬಳಕೆ ಇನ್ನೂ ನಿಂತಿಲ್ಲ.