ಕಾವಲು ನಾಯಿಗೊಂದು ರಾಗಿ ಬಿಲ್ಲೆ

ರಾಗಿ ತೆನೆ ಬಲಿಯುವ ಕಾಲ ಬಂದಿತೆಂದರೆ ಜವಳಗಿರಿ, ತಳಿ, ಅಂಚೆಟ್ಟಿ ಕಡೆಯ ನಮ್ಮ ರೈತರಿಗೆ ಇರುಳು ನಿದ್ದೆಯಿಲ್ಲ. ಬನ್ನೇರುಘಟ್ಟದ ಕಾಡಿನ ಕಡೆಯಿಂದ ಇಳಿದು ಬರುವ ಆನೆ, ಗುಡ್ಡದ ಹಂದಿ, ಕುರಿಹಟ್ಟಿಯ ಸುತ್ತ ಸುಳಿಯುವ ಚಿರತೆ, ಎಲ್ಲಕ್ಕೂ ಮಿಗಿಲಾಗಿ ಎರಡು ಕಾಲಿನ ಕಳ್ಳ, ಇವರ ಸುಳಿವನ್ನು ಮೊದಲು ಹಿಡಿಯುವವನು ಅಟ್ಟಣೆಯ ಮೇಲೆ ಕಂಬಳಿ ಹೊದ್ದು ಕುಳಿತ ಯಜಮಾನನಲ್ಲ. ಅಟ್ಟಣೆಯ ಕೆಳಗೆ ಮುದುರಿ ಮಲಗಿದ ನಾಯಿ. ಅದು ಸಂಬಳ ಕೇಳುವುದಿಲ್ಲ, ಹಬ್ಬಕ್ಕೆ ಬಟ್ಟೆ ಕೇಳುವುದಿಲ್ಲ. ಅದಕ್ಕೆ ನಾವು ಕೊಡುವ ಕೂಲಿಯೆಂದರೆ ಮೂರು ಬಗೆ: ಮಿಕ್ಕ ತಂಗಳು ಹಿಟ್ಟು, ಅದರ ಮೇಲೆ ಸುರಿದ ಮಿಕ್ಕ ಸಾರು, ಮನೆಯಲ್ಲಿ ಕುರಿ ಬಿದ್ದ ದಿನ ಅಂಗಳಕ್ಕೆ ಎಸೆದ ಹಸಿ ಕರುಳು. ಈ ಮೂರರಲ್ಲಿ ಮೊದಲನೆಯದು ಸಾಲದು, ಎರಡನೆಯದು ನಾಯಿಗೆ ಕೇಡು, ಮೂರನೆಯದು ನಮಗೂ ನಮ್ಮ ಮಂದೆಗೂ ಕೇಡು. ಆದುದರಿಂದ ಈ ವಾರ ನಾಯಿಯ ತಿಂಡಿಯ ವಿಚಾರವನ್ನು ಬರೆಯಲು ಹೊರಟಿದ್ದೇವೆ. ವಾಚಕರು ನಗಬಾರದು.

ನಗುವವರು ಉಂಟೆಂಬುದು ನಮಗೆ ಗೊತ್ತು. ತಳಿ ಕಡೆಯ ಒಂದು ಹಳ್ಳಿಯಲ್ಲಿ ಈ ಮಾತೆತ್ತಿದಾಗ ಜಗಲಿಯ ಮೇಲೆ ಕುಳಿತ ಹಿರಿಯರೊಬ್ಬರು, “ಏನ್ ಸಾಮಿ, ಮಕ್ಕಳಿಗೇ ತಿಂಡಿ ಮಾಡೋಕೆ ಪುರುಸೊತ್ತಿಲ್ಲ, ನಾಯಿಗೆ ಬೇರೆ ಮಾಡಬೇಕಾ?” ಎಂದರು. ಒಳಗಿನಿಂದ ಅಜ್ಜಿ ಉತ್ತರ ಕೊಟ್ಟರು: “ನಿಮಗೆ ತಿಳೀದು ಸುಮ್ಕಿರಿ. ನಮ್ಮವ್ವ ರೊಟ್ಟಿ ತಟ್ಟಿದ ದಿನ ಕೊನೇ ಮುದ್ದೆ ಹಿಟ್ಟನ್ನ ಕೆಂಡದ ಬೂದೀಲಿ ಹೂಣ್ತಿದ್ಲು. ಬೆಳಗಾಗ ತೆಗೆದ್ರೆ ಕಲ್ಲಿನ ಹಂಗಿರೋದು. ಅದು ನಾಯೀದೆ.” ಹಿರಿಯರು ಮತ್ತೆ ಮಾತನಾಡಲಿಲ್ಲ. ಅಜ್ಜಿಯ ಆ ಬೂದಿಯ ರೊಟ್ಟಿಯೇ ಈ ಬರಹಕ್ಕೆ ಮೂಲ.

ಪೇಟೆಯಲ್ಲಿ ಇಂದು ಡಬ್ಬಿಯಲ್ಲಿ ಮಾರುವ ನಾಯಿ ಬಿಸ್ಕತ್ತೂ ಇದೇ ವಂಶದ್ದು. ಸುಮಾರು 1860ರಲ್ಲಿ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದ ವ್ಯಾಪಾರಿ ಲಂಡನ್ನಿನಲ್ಲಿ ಮೊದಲ ಬಾರಿಗೆ ನಾಯಿ ಬಿಸ್ಕತ್ತನ್ನು ಮಾರಾಟಕ್ಕೆ ಇಟ್ಟನು. ಹಡಗಿನವರು ತಿಂದು ಬಿಟ್ಟ ಒಣ ರೊಟ್ಟಿಯನ್ನು ಬಂದರಿನ ನಾಯಿಗಳು ಕಚ್ಚಾಡಿ ತಿನ್ನುವುದನ್ನು ನೋಡಿ ಅವನಿಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. ಅವನು ಗೋಧಿ, ತರಕಾರಿ, ಮಾಂಸಗಳಿಂದ ಮಾಡಿದ್ದನ್ನು ನಮ್ಮ ಮನೆಯವರು ರಾಗಿಯಿಂದ ಮಾಡಬಹುದು.

ಹಳೆಯ ಋಣ

ನಾಯಿಗೆ ಮರ್ಯಾದೆ ಕೊಡುವುದು ಪಟ್ಟಣದ ಹೊಸ ಷೋಕಿಯೆಂದು ತಿಳಿಯಬೇಡಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ಒಂದು ಕನ್ನಡ ಶಾಸನ ದೊರೆತಿದೆ. ಗಂಗರ ಬೂತುಗನು ತನ್ನ ವೀರನಾದ ಮಣಲೆರನ ಶೌರ್ಯಕ್ಕೆ ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಅವನು ಕೇಳಿ ಪಡೆದುದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಕಲ್ಲು ನೆಟ್ಟು ಭೂಮಿಯನ್ನೂ ಬಿಟ್ಟರು. ಇತ್ತ ತಮಿಳು ಸೀಮೆಯಲ್ಲಿ, ನಮ್ಮ ನೆರೆಯ ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ, ಏಳನೆಯ ಶತಮಾನದ ವೀರಗಲ್ಲೊಂದಿದೆ. ಅದರಲ್ಲಿ ಯಜಮಾನನ ಬದಿಯಲ್ಲೇ ಕೋವಿವನ್ ಎಂಬ ನಾಯಿಯನ್ನೂ ಕೆತ್ತಿದ್ದಾರೆ. ಅದು ಇಬ್ಬರು ಕಳ್ಳರನ್ನು ಕಚ್ಚಿ ಕಾವಲು ನಿಂತಿತೆಂದು ಬರೆದಿದ್ದಾರೆ. ಭಾಷೆಯ ಗಡಿ ಎಲ್ಲಿಯೇ ಹಾದುಹೋಗಲಿ, ಹೊಲದ ನಾಯಿಯ ಋಣ ಎರಡು ಕಡೆಗೂ ಒಂದೇ.

ಹಸಿ ಕರುಳಿನ ಕೇಡು

ಈಗ ಮುಖ್ಯ ವಿಚಾರಕ್ಕೆ ಬರೋಣ. ಕುರಿ ಕೊಯ್ದಾಗ ಶ್ವಾಸಕೋಶದಲ್ಲಿಯೋ ಈಲಿಯಲ್ಲಿಯೋ ನೀರು ತುಂಬಿದ ಬಿಳಿಯ ಗುಳ್ಳೆಗಳನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. “ಇದು ಕೆಟ್ಟಿದೆ” ಎಂದು ಆ ಭಾಗವನ್ನು ಕತ್ತರಿಸಿ ನಾಯಿಗೆ ಎಸೆಯುತ್ತೇವೆ. ಇದೇ ದೊಡ್ಡ ತಪ್ಪು. ಆ ಗುಳ್ಳೆಯೊಳಗೆ ಇರುವುದು ಒಂದು ಬಗೆಯ ಲಾಡಿಹುಳುವಿನ ಮರಿ. ನಾಯಿಯ ಹೊಟ್ಟೆ ಸೇರಿದೊಡನೆ ಅದು ಬೆಳೆದು ಹುಳುವಾಗುತ್ತದೆ. ಅದರ ಮೊಟ್ಟೆಗಳು ನಾಯಿಯ ಹೇಲಿನೊಡನೆ ಹುಲ್ಲಿಗೆ, ಸೊಪ್ಪಿಗೆ, ನೀರಿಗೆ, ನಾಯಿಯ ಮೈಗೂದಲಿಗೆ ಹರಡುತ್ತವೆ. ಹುಲ್ಲು ಮೇಯ್ದ ಕುರಿಗೆ ಮತ್ತೆ ಗುಳ್ಳೆಯೇಳುತ್ತದೆ. ನಾಯಿಯನ್ನು ಸವರಿ ಕೈ ತೊಳೆಯದೆ ಉಂಡ ಮಗುವಿಗೂ ಅದೇ ಗುಳ್ಳೆ ಈಲಿಯಲ್ಲಿ, ಶ್ವಾಸಕೋಶದಲ್ಲಿ ಏಳಬಹುದು. ಅದು ವರ್ಷಗಟ್ಟಲೆ ಮೆಲ್ಲಗೆ ಬೆಳೆದು, ಕಡೆಗೆ ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬೇಕಾದಷ್ಟಕ್ಕೂ ಹೋದೀತು.

ಇದಕ್ಕೆ ನೆಂಟನಾದ ಇನ್ನೊಂದು ಲಾಡಿಹುಳುವಿನ ಮರಿ ಕುರಿಯ ಮಿದುಳಿಗೆ ಹೋಗಿ ಕೂರುತ್ತದೆ. ಆಗ ಕುರಿ ತಲೆ ಓರೆ ಮಾಡಿ ಒಂದೇ ಕಡೆಗೆ ಸುತ್ತುತ್ತದೆ, ಮಂದೆಯಿಂದ ಹಿಂದೆ ಬೀಳುತ್ತದೆ, ಗೋಡೆಗೆ ಹಾಯುತ್ತದೆ, ಸೊರಗಿ ಸಾಯುತ್ತದೆ. ದೆವ್ವದ ಕಾಟವೆಂದು ತಾಯಿತ ಕಟ್ಟಿದರೆ ಪ್ರಯೋಜನವಿಲ್ಲ. ಸತ್ತ ಆ ಕುರಿಯ ತಲೆಯನ್ನು ನಾಯಿಗೆ ಹಾಕಿದರಂತೂ ಮುಂದಿನ ವರ್ಷಕ್ಕೆ ರೋಗದ ಬೀಜ ಬಿತ್ತಿದಂತೆಯೇ ಸರಿ.

ಈ ಸರಪಳಿಯನ್ನು ಕಡಿಯಲು ಮೂರು ಕೆಲಸಗಳು ಸಾಕು. ಗುಳ್ಳೆಯಿರುವ ಭಾಗವನ್ನೂ ಸತ್ತ ಕುರಿಯ ತಲೆಯನ್ನೂ ನಾಯಿ ಕೆದಕದಂತೆ ಆಳವಾಗಿ ಹೂಳಬೇಕು ಅಥವಾ ಸುಡಬೇಕು. ಕಣ್ಣಿಗೆ ಚೆನ್ನಾಗಿ ಕಂಡ ಈಲಿ, ಶ್ವಾಸಕೋಶಗಳನ್ನೂ ಸಣ್ಣಗೆ ಕತ್ತರಿಸಿ ಅರ್ಧ ಗಂಟೆಗೆ ಕಡಮೆಯಿಲ್ಲದೆ ಕುದಿಸಿಯೇ ನಾಯಿಗೆ ಹಾಕಬೇಕು. ನಾಯಿಗೆ ಲಾಡಿಹುಳುವಿನ ಮಾತ್ರೆಯನ್ನು ಪಶುವೈದ್ಯರು ಹೇಳಿದ ತೂಕಕ್ಕೆ, ಹೇಳಿದ ಕಾಲಕ್ಕೆ ಕೊಡಬೇಕು. ಪ್ರಾಜಿಕ್ವಾಂಟೆಲ್ ಎಂಬ ಔಷಧ ಇದಕ್ಕೆ ಸಲ್ಲುತ್ತದೆ. ಆದರೆ ನಾಯಿಯ ಬಾಯಿಗೆ ಮಾತ್ರೆ ತುರುಕಿದವರಿಗೆ ಅದರ ಕಷ್ಟ ಗೊತ್ತು. ಇಲ್ಲಿಯೇ ನಮ್ಮ ರಾಗಿ ಬಿಲ್ಲೆ ಕೆಲಸಕ್ಕೆ ಬರುವುದು.

ರಾಗಿಯ ಗುಣ, ರಾಗಿಯ ಕೊರತೆ

ತೋಳಕ್ಕಿಂತ ನಾಯಿಗೆ ಧಾನ್ಯವನ್ನು ಅರಗಿಸಿಕೊಳ್ಳುವ ಶಕ್ತಿ ಹೆಚ್ಚು. ಮನುಷ್ಯನ ಜೊತೆ ಬಾಳಿ ಅವನ ಊಟವನ್ನು ಹಂಚಿಕೊಂಡದ್ದರಿಂದ ಅದರ ಮೈಗುಣವೇ ಬದಲಾಯಿತೆಂದು 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಹಾಗೆಂದು ಹಸಿ ಹಿಟ್ಟನ್ನು ಹಾಕಬಾರದು. ಚೆನ್ನಾಗಿ ಬೆಂದಿದ್ದರೆ ಮಾತ್ರ ಅರಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶವುಂಟು. ಅಕ್ಕಿ, ಗೋಧಿಗಳು ಇದರ ಹತ್ತಿರಕ್ಕೂ ಬರಲಾರವು. ಆದರೆ ಮಾಂಸ ಬೆಳೆಸುವ ಸತ್ವ ರಾಗಿಯಲ್ಲಿ ನೂರಕ್ಕೆ ಏಳರಷ್ಟು ಮಾತ್ರ. ಆದುದರಿಂದಲೇ ಬರಿಯ ಹಿಟ್ಟು ತಿಂದ ನಾಯಿ ಹೊಟ್ಟೆ ಉಬ್ಬಿಸಿಕೊಂಡು ಬೆನ್ನೆಲುಬು ತೋರಿಸುತ್ತದೆ. ಮೊಟ್ಟೆ, ಮಜ್ಜಿಗೆ, ಬೆಂದ ಹುರುಳಿ, ಕುದಿಸಿದ ಮಾಂಸ, ಇವುಗಳಲ್ಲಿ ಯಾವುದಾದರೊಂದು ಅದರ ನಿತ್ಯದ ಊಟದಲ್ಲಿ ಇರಲೇಬೇಕು.

ಬಿಲ್ಲೆ ಮಾಡುವ ಕ್ರಮ

ಬೇಕಾದ ಸಾಮಾನು: ರಾಗಿ ಹಿಟ್ಟು ಎರಡು ಪಾವು, ಹುರಿದು ಸಿಪ್ಪೆ ತೆಗೆದು ಪುಡಿ ಮಾಡಿದ ಕಡಲೆಕಾಯಿ ಬೀಜ ಒಂದು ಹಿಡಿ, ಬೇಯಿಸಿ ಹಿಸುಕಿದ ಸಿಹಿಗುಂಬಳ ಅರ್ಧ ಪಾವು, ಕೋಳಿಮೊಟ್ಟೆ ಒಂದು. ಉಪ್ಪು, ಬೆಲ್ಲ, ಮಸಾಲೆ ಏನೂ ಬೇಡ. ಕಡಲೆಕಾಯಿಯಲ್ಲಿ ಬೂಷ್ಟು ಹಿಡಿದ ಒಂದು ಬೀಜವೂ ಸೇರಬಾರದು. ಆ ಬೂಷ್ಟಿನ ವಿಷ ನಾಯಿಯ ಈಲಿಯನ್ನು ಬಹು ಬೇಗ ಕೆಡಿಸುತ್ತದೆ. “ಮಾರಾಟಕ್ಕೆ ಬಾರದ ಬೀಜ ನಾಯಿಗಿರಲಿ” ಎಂಬ ಜಿಪುಣತನ ಇಲ್ಲಿ ಸಲ್ಲದು.

ಹಿಟ್ಟಿಗೆ ಕುದಿಯುವ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕೋಲಿನಿಂದ ಕಲಸಿರಿ. ರಾಗಿಗೆ ಗೋಧಿಯ ಜಿಗುಟಿಲ್ಲ. ಬಿಸಿನೀರು ಹಾಕದಿದ್ದರೆ ಬಿಲ್ಲೆ ಒಡೆಯುತ್ತದೆ. ಉಗುರು ಬೆಚ್ಚಗಾದ ಮೇಲೆ ಕುಂಬಳ, ಕಡಲೆಕಾಯಿ ಪುಡಿ, ಮೊಟ್ಟೆ ಸೇರಿಸಿ ಗಟ್ಟಿಯಾಗಿ ನಾದಿರಿ. ಬಿಸಿಯಲ್ಲಿಯೇ ಮೊಟ್ಟೆ ಒಡೆದರೆ ಅದು ಗಂಟುಕಟ್ಟುತ್ತದೆ. ಬಾಳೆಯೆಲೆಯ ಮೇಲೆ ನಿಪ್ಪಟ್ಟಿನಷ್ಟಗಲ, ಅದಕ್ಕಿಂತ ತುಸು ದಪ್ಪವಾಗಿ ತಟ್ಟಿದರೆ ಇಪ್ಪತ್ತರಿಂದ ಇಪ್ಪತ್ತೈದು ಬಿಲ್ಲೆಗಳಾಗುವುವು.

ಸುಡುವುದು ಎರಡು ಸಲ. ಮೊದಲು ಹೆಂಚಿನ ಮೇಲೆ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಪ್ರತಿಯೊಂದು ಮಗ್ಗುಲನ್ನೂ ಎಂಟು ಹತ್ತು ನಿಮಿಷ ಬೇಯಿಸಿರಿ. ಆಮೇಲೆ ಅಗಲ ಬಾಯಿಯ ಮಡಕೆಯ ತಳಕ್ಕೆ ಎರಡು ಬೆರಳು ಮರಳು ಹಾಕಿ, ಮೇಲೊಂದು ತಟ್ಟೆಯಿಟ್ಟು, ಅದರಲ್ಲಿ ಬಿಲ್ಲೆಗಳನ್ನು ಹರಡಿ, ಮುಚ್ಚಳದ ಮೇಲೆ ಕೆಂಡ ಹರವಿ ಅರ್ಧ ಗಂಟೆ ಬಿಡಿ. ಒಲೆ ಆರಿದ ಮೇಲೆ ಮಡಕೆಯನ್ನು ಬೆಳಗಿನವರೆಗೆ ಅಲ್ಲಿಯೇ ಬಿಟ್ಟರೆ ತಣಿಯುವ ಒಲೆಯ ಕಾವೇ ತೇವವನ್ನೆಲ್ಲ ಹೀರುತ್ತದೆ. ಗ್ಯಾಸ್ ಒಲೆಯವರು ದಪ್ಪ ತಳದ ಪಾತ್ರೆಯಲ್ಲಿ ಮರಳು ಹಾಕಿ ಹೀಗೆಯೇ ಮಾಡಬಹುದು. ಮುರಿದರೆ ಟಪ್ಪೆಂದು ಸದ್ದಾಗಬೇಕು. ಬಾಗಿದರೆ ಇನ್ನೂ ತೇವವಿದೆಯೆಂದು ಅರ್ಥ. ಒಣ ಡಬ್ಬಿಯಲ್ಲಿ ಒಂದು ವಾರ ಇಡಬಹುದು. ಜಡಿಮಳೆಯಲ್ಲಿ ಮೂರು ನಾಲ್ಕು ದಿನಕ್ಕೆ ಸಾಕಾಗುವಷ್ಟನ್ನೇ ಮಾಡಿರಿ. ಬೂಷ್ಟು ಬಂದರೆ ಹೂಳಿಬಿಡಿ, ಕೋಳಿಗೂ ಹಾಕಬೇಡಿ.

ಹಾಕಬಾರದ ವಸ್ತುಗಳು

ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತವನ್ನು ಕೆಡಿಸುತ್ತವೆ. ಮಿಕ್ಕ ಸಾರನ್ನು ದಿನವೂ ಸುರಿಯುವುದು ಕೇಡೆಂದು ಮೊದಲೇ ಹೇಳಿದ್ದು ಇದಕ್ಕಾಗಿಯೇ. ನಾಯಿ ಬಳಲಿ, ಒಸಡು ಬಿಳಚಿ, ಮೂತ್ರ ಕೆಂಪಾದರೆ ತಡಮಾಡಬಾರದು. ದ್ರಾಕ್ಷಿ, ಒಣದ್ರಾಕ್ಷಿಗಳಿಂದ ಮೂತ್ರಪಿಂಡ ಕೆಡುತ್ತದೆ. ಚಾಕೊಲೇಟು ವಿಷ. ಸಕ್ಕರೆಯಿಲ್ಲದ ಸಿಹಿಯೆಂದು ಮಾರುವ ಕೆಲವು ತಿನಿಸುಗಳಲ್ಲಿರುವ ಜೈಲಿಟಾಲ್ ಎಂಬುದು ಚೂರು ಬಿದ್ದರೂ ಅಪಾಯ. ಬೆಂದ ಕೋಳಿಮೂಳೆಯನ್ನಂತೂ ಹಾಕಲೇಬೇಡಿ. ನಮ್ಮ ಮನೆಯಲ್ಲಿಯೇ ಹಬ್ಬದ ಮರುದಿನ ಹಾಗೆ ಹಾಕಿ, ಸೀಳಿದ ಚೂರು ಕರುಳಿಗೆ ಚುಚ್ಚಿ, ಎಂಟು ವರ್ಷ ಮನೆ ಕಾದ ನಾಯಿಯನ್ನು ಮೂರು ದಿನದಲ್ಲಿ ಕಳೆದುಕೊಂಡೆವು. ಕೊಟ್ಟ ಕೈ ನಮ್ಮದೇ, ಕೊಟ್ಟದ್ದು ಪ್ರೀತಿಯಿಂದಲೇ. ತಿಳಿಯದ ಪ್ರೀತಿ ಹಾಗೆಯೇ.

ಎಷ್ಟು, ಯಾವಾಗ?

ಬಿಲ್ಲೆ ಊಟವಲ್ಲ, ತಿಂಡಿ. ದಿನದ ಆಹಾರದಲ್ಲಿ ಹತ್ತರಲ್ಲಿ ಒಂದು ಪಾಲಿಗೆ ಮೀರಬಾರದು. ಹದಿನೈದು ಕಿಲೊ ತೂಗುವ ನಮ್ಮ ನಾಡನಾಯಿಗೆ ದಿನಕ್ಕೆ ಎರಡು ಬಿಲ್ಲೆ ಸಾಕು. ಹಲ್ಲು ಸರಿಯಾಗಿ ಬಾರದ ಮರಿಗೂ ಹಲ್ಲು ಸವೆದ ಮುದಿ ನಾಯಿಗೂ ನೀರಿನಲ್ಲಿ ನೆನೆಸಿ ಕೊಡಬೇಕು.

ಸುಮ್ಮನೆ ಎಸೆಯುವುದಕ್ಕಿಂತ ಕೆಲಸಕ್ಕೆ ಕೂಲಿಯಾಗಿ ಕೊಡುವುದು ಮೇಲು. ಕರೆದಾಗ ಬಂದರೆ ಒಂದು ಚೂರು, ಕುರಿಯ ಹಿಂದೆ ಓಡದೆ ಕುಳಿತರೆ ಒಂದು ಚೂರು. ಕರೆದೊಡನೆ ಬರುವ ನಾಯಿ ಕಾಡಂಚಿನಲ್ಲಿ ಪ್ರಾಣ ಉಳಿಸುತ್ತದೆ. ಆನೆಯನ್ನು ಕೆಣಕಿದ ನಾಯಿ ಕಡೆಗೆ ಓಡಿಬರುವುದು ಯಜಮಾನನ ಕಾಲ ಬುಡಕ್ಕೇ, ಆನೆಯನ್ನು ಬೆನ್ನಿಗೆ ಕಟ್ಟಿಕೊಂಡು! ಆನೆ ಬರುವ ಇರುಳುಗಳಲ್ಲಿ ನಾಯಿಯನ್ನು ಕಟ್ಟಿಯೇ ಹಾಕಿರಬೇಕು. ಹಗಲಿನಲ್ಲಿ ಬಿಲ್ಲೆಯ ಆಸೆಯಿಂದ ಕರೆ ಕಲಿಸಿರಬೇಕು.

ಮಾತ್ರೆ ಕೊಡುವ ದಿನ ಬಿಲ್ಲೆಯನ್ನು ನೆನೆಸಿ ಹಿಸುಕಿ, ನೆಲ್ಲಿಕಾಯಿಯಷ್ಟು ಉಂಡೆ ಕಟ್ಟಿ, ಎರಡು ಬರಿಯ ಉಂಡೆ ಕೊಟ್ಟು, ಮೂರನೆಯದರೊಳಗೆ ಮಾತ್ರೆ ಇಟ್ಟು, ಒಡನೆಯೇ ನಾಲ್ಕನೆಯದನ್ನು ತೋರಿಸಿರಿ. ಮುಂದಿನ ಉಂಡೆಯ ಆತುರದಲ್ಲಿ ನಾಯಿ ಅಗಿಯದೆ ನುಂಗಿಬಿಡುತ್ತದೆ. ಹುಚ್ಚುನಾಯಿ ರೋಗದ ಚುಚ್ಚುಮದ್ದಿಗೆ ಪಶುವೈದ್ಯಶಾಲೆಗೆ ಕರೆದೊಯ್ಯುವಾಗಲೂ ಜೇಬಿನಲ್ಲಿ ಬಿಲ್ಲೆಯಿರಲಿ. ಮರಿಗೆ ಮೂರು ತಿಂಗಳಾದಾಗ ಮೊದಲ ಚುಚ್ಚುಮದ್ದು. ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷವೂ ತಪ್ಪಿಸಬಾರದು. ಆ ರೋಗ ಒಮ್ಮೆ ಕಾಣಿಸಿಕೊಂಡರೆ ನಾಯಿಗೂ ಮನುಷ್ಯನಿಗೂ ಮದ್ದಿಲ್ಲವೆಂದೇ ತಿಳಿಯಬೇಕು. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿರಿ. ಔಷಧದ ಚೀಟಿ ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇದ್ದು ಓದಲು ಬಾರದಿದ್ದರೆ ಸಂಕೋಚ ಬೇಡ. ಶಾಲೆಗೆ ಹೋಗುವ ಮಗುವಿನಿಂದಾದರೂ ಓದಿಸಿ, ಅಳತೆಯನ್ನು ತಿಳಿದೇ ಕೊಡಿರಿ.

ಲೆಕ್ಕ ಕೇಳುವ ಹಿರಿಯರಿಗೆ ಕೊನೆಯ ಮಾತು. ವಾರಕ್ಕೋ ಹತ್ತು ದಿನಕ್ಕೋ ಎರಡು ಪಾವು ರಾಗಿ, ಒಂದು ಮೊಟ್ಟೆ, ಆರುವ ಒಲೆಯ ಕಾವು, ಇಷ್ಟೇ ಖರ್ಚು. ತಲೆ ತಿರುಗಿ ಸತ್ತ ಒಂದೇ ಕುರಿಯ ಬೆಲೆಗೆ ಇಂಥ ಬಿಲ್ಲೆಗಳನ್ನು ವರ್ಷಪೂರ್ತಿ ಮಾಡಬಹುದು. ಆ ಅಜ್ಜಿಯ ಮನೆಯಿಂದ ಹೊರಡುವಾಗ ನಾಯಿ ಬಾಗಿಲಲ್ಲಿ ಮಲಗಿತ್ತು. ಅಜ್ಜಿ ಡಬ್ಬಿಯ ಮುಚ್ಚಳ ತೆಗೆದ ಸದ್ದಿಗೆ ಎದ್ದು, ಬಾಲವಾಡಿಸುತ್ತ ಬಂದು ಕುಳಿತಿತು. ಹಿರಿಯರು ತಾವೇ ಕೈಚಾಚಿ, “ಕೊಡವ್ವ ಇತ್ಲಾಗೆ, ನಾನೇ ಹಾಕ್ತೀನಿ” ಎಂದರು.