ನೂರು ಮೀಟರ್, ಆದರೆ ಎಲ್ಲಿಂದ?

ಮದುವೆ ಮನೆಯ ಮೇಲೆ ಗುಂಯ್‌ಗುಡುತ್ತಾ ಹಾರುವ ಡ್ರೋನನ್ನು ನೀವೆಲ್ಲ ನೋಡಿರುತ್ತೀರಿ. ಹಾರಿಸುವವನ ಕೈಯಲ್ಲಿನ ಪರದೆ ‘ಎತ್ತರ 100 ಮೀಟರ್’ ಎನ್ನುತ್ತದೆ. ಈ ಎತ್ತರ ಎಲ್ಲಿಂದ ಅಳೆದದ್ದು?

ಸಾಮಾನ್ಯವಾಗಿ ಡ್ರೋನಿನೊಳಗೆ ಪುಟ್ಟದೊಂದು ವಾಯುಭಾರಮಾಪಕ ಇರುತ್ತದೆ. ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ವಿಜ್ಞಾನಿ ಪಾಸ್ಕಲ್‌ನ ಸೂಚನೆಯಂತೆ 1648ರಲ್ಲಿ ಅವನ ಭಾವ ಪೆರಿಯೆ, ಪಾದರಸದ ನಳಿಗೆಯೊಂದಿಗೆ ಫ್ರಾನ್ಸಿನ ಬೆಟ್ಟವೊಂದನ್ನು ಹತ್ತಿ ಇದನ್ನು ತೋರಿಸಿಕೊಟ್ಟ. ಸಮುದ್ರಮಟ್ಟದ ಬಳಿ ಸುಮಾರು 8 ಮೀಟರ್ ಏರಿದರೆ ಒತ್ತಡ 1 ಮಿಲಿಬಾರ್ ತಗ್ಗುತ್ತದೆ. ಡ್ರೋನು ತಾನು ಹೊರಟ ಜಾಗವನ್ನೇ ಸೊನ್ನೆಯೆಂದು ಹಿಡಿದು ಇದರಿಂದ ಎತ್ತರದ ಲೆಕ್ಕ ಹಾಕುತ್ತದೆ.

ತೊಡಕಿರುವುದು ಇಲ್ಲೇ. ಮಲೆನಾಡಿನ ಗದ್ದೆಬಯಲಿನಿಂದ ಡ್ರೋನನ್ನು 100 ಮೀಟರ್ ಏರಿಸಿ ಗುಡ್ಡದತ್ತ ಬಿಟ್ಟಿರೆನ್ನಿ. ಗುಡ್ಡ ಗದ್ದೆಗಿಂತ 80 ಮೀಟರ್ ಎತ್ತರ. ಅದರ ಮೇಲೆ 25 ಮೀಟರಿನ ಮರ! ಪರದೆ 100 ಎನ್ನುತ್ತಿರುವಾಗಲೇ ಡ್ರೋನು ಮರಕ್ಕೆ ಬಡಿಯುತ್ತದೆ. ಮಾಪಕ ಸುಳ್ಳಾಡಲಿಲ್ಲ, ಕೆಳಗಿನ ನೆಲ ಎಷ್ಟು ಏರಿತೆಂಬುದು ಅದಕ್ಕೆ ತಿಳಿಯದು, ಅಷ್ಟೆ.

ಇದಕ್ಕೆ ಉಪಾಯವೂ ಉಂಟು. ಕೆಲವು ಡ್ರೋನುಗಳು ನೆಲದತ್ತ ಲೇಸರ್ ಬೆಳಕು ಬಿಟ್ಟು, ಅದು ಮರಳಿ ಬರುವ ವೇಳೆಯನ್ನು ಅಳೆಯುತ್ತವೆ. 30 ಮೀಟರ್ ಕೆಳಗಿನ ನೆಲ ಮುಟ್ಟಿ ಬರಲು ಬೆಳಕಿಗೆ ಬೇಕಾದದ್ದು ಸೆಕೆಂಡಿನ 50 ಲಕ್ಷದ ಒಂದು ಪಾಲು! ಆದರೆ ಕೆಳಗೆ ನೋಡುವ ಲೇಸರ್‌ಗೆ ಮುಂದಿನ ಗುಡ್ಡ ಕಾಣದು. ಆದ್ದರಿಂದ ಸರ್ವೆ ಮಾಡುವವರು ನೆಲದ ಏರಿಳಿತದ ನಕ್ಷೆಯನ್ನು ಮೊದಲೇ ಡ್ರೋನಿಗೆ ತುಂಬುತ್ತಾರೆ.

ಕೆಲವು ಮೊಬೈಲ್ ಫೋನುಗಳಲ್ಲೂ ವಾಯುಭಾರಮಾಪಕ ಇರುತ್ತದೆ. ಮಕ್ಕಳೊಂದಿಗೆ ಬೆಟ್ಟ ಹತ್ತುವಾಗ ಒತ್ತಡ ಇಳಿಯುವುದನ್ನು ಗುರುತು ಹಾಕಿಕೊಳ್ಳಿ. ಯಾರಾದರೂ ಎತ್ತರ ಹೇಳಿದರೆ ‘ಎಲ್ಲಿಂದ?’ ಎಂದು ಕೇಳುವುದನ್ನೂ ಕಲಿಸಿ.